ಟಕ್ ಎನ್ನದ ಬಾಗಿಲು

ಪಾತ್ರೆ ತೊಳೆಯುವ ಮಿಷಿನ್ನಿನ ಬಾಗಿಲು ಮುಚ್ಚಿದಾಗ ಟಕ್ ಎಂದು ಒಂದು ಸದ್ದಾಗುತ್ತದೆ. ಆ ಸದ್ದು ಬಂದರೆ ಮಾತ್ರ ಅದು ಶುರುವಾಗುವುದು. ಬರದಿದ್ದರೆ ಗುಂಡಿಯನ್ನು ಎಷ್ಟು ಒತ್ತಿದರೂ ಕಮಕ್ ಕಿಮಕ್ ಎನ್ನುವುದಿಲ್ಲ. ದಿನಾ ಬೆಳಿಗ್ಗೆ ಶಾಲೆಗೆ ಹೊರಡುವ ಮುಂಚೆ ನನ್ನ ಕಿವಿ ಆ ಸದ್ದಿಗೆ ಕಾಯುತ್ತಿತ್ತು. ಒಂದು ಶನಿವಾರ ಅದು ಬರಲಿಲ್ಲ.

ಆ ಮಿಷಿನ್ ನಮ್ಮ ಮನೆಗೆ ಶೋಕಿಗೆ ಬಂದದ್ದಲ್ಲ. ಸೋಪಿನ ನೀರು ನನ್ನ ಕೈಗೆ ಆಗುವುದಿಲ್ಲ. ಬೆರಳ ಸಂದುಗಳಲ್ಲಿ ಚರ್ಮ ಬಿರಿದು ರಕ್ತ ಜಿನುಗುತ್ತದೆ. ನಾನು ಹೊಳಲ್ಕೆರೆಯ ಹೈಸ್ಕೂಲೊಂದರಲ್ಲಿ ವಿಜ್ಞಾನದ ಮೇಡಂ. ಬಿರಿದ ಕೈಮೇಲೆ ಸೀಮೆಸುಣ್ಣದ ಪುಡಿ ಬಿದ್ದರೆ ಹೇಗಿರುತ್ತದೆ ಎಂದು ಹೇಳಬೇಕಾಗಿಲ್ಲ. ಚಿತ್ರದುರ್ಗದ ಚರ್ಮದ ಡಾಕ್ಟರು ಮುಲಾಮು ಬರೆದುಕೊಟ್ಟು, "ಇನ್ಮೇಲೆ ನೀವು ಪಾತ್ರೆ ತೊಳೀಬೇಡಿ, ಮನೇಲಿ ಬೇರೆ ಯಾರಾದ್ರೂ ತೊಳೀಲಿ" ಎಂದರು. ಪಕ್ಕದಲ್ಲಿ ಕೂತಿದ್ದ ನಮ್ಮ ಮನೆಯವರು ಗೋಡೆಯ ಕ್ಯಾಲೆಂಡರ್ ನೋಡುತ್ತಿದ್ದರು.

ಬೇರೆ ಯಾರಾದರೂ ಎಂದರೆ ಯಾರು? ಮನೆಯಲ್ಲಿರುವುದು ನಾನು, ಇವರು, ನಮ್ಮ ಅತ್ತೆ. ಅತ್ತೆಯ ಮಂಡಿ, ಬೆರಳ ಗಿಣ್ಣು ಎಲ್ಲವೂ ವಾತದಿಂದ ಊದಿಕೊಂಡಿವೆ. ಕೆಲಸದವರನ್ನು ಅಡುಗೆಮನೆಗೆ ಬಿಟ್ಟುಕೊಳ್ಳುವುದಿಲ್ಲ ಎಂಬುದು ಅದೇ ಅತ್ತೆಯ ಹಟ. ಉಳಿದವರು ಕ್ಯಾಲೆಂಡರ್ ನೋಡುತ್ತಿದ್ದರು. ಹಾಗಾಗಿ ನಾನೇ ನನ್ನ ಸಂಬಳದಲ್ಲಿ ಮಿಷಿನ್ ತಂದೆ. "ಮೂರು ಜನದ ಪಾತ್ರೆಗೊಂದು ಮಿಷಿನ್ನು" ಎಂದು ಇವರು ತಮ್ಮ ಅಂಗಡಿಗೆ ಬಂದವರ ಮುಂದೆಲ್ಲ ಹೇಳಿಕೊಂಡು ನಕ್ಕರು. ನಗಲಿ, ನನ್ನ ಕೈ ವಾಸಿಯಾಯಿತು.

ಆ ಶನಿವಾರ ಬೆಳಗಿನ ಶಾಲೆ. ರಾತ್ರಿಯ ಪಾತ್ರೆಗಳನ್ನೆಲ್ಲ ಜೋಡಿಸಿ ಬಾಗಿಲು ಒತ್ತಿದೆ. ಇನ್ನು ಕೂದಲೆಳೆಯಷ್ಟು ಒಳಗೆ ಹೋದರೆ ಹಾಕಿಕೊಳ್ಳಬೇಕು, ಹೋಗಲಿಲ್ಲ. ಮಂಡಿ ಕೊಟ್ಟು ನೂಕಿದೆ. ಪ್ಲಗ್ ಕಿತ್ತು ಮತ್ತೆ ಹಾಕಿದೆ. ನೀರಿನ ನಲ್ಲಿ ತಿರುಗಿಸಿ ನೋಡಿದೆ. ನಮ್ಮ ಬೋರಿನ ನೀರು ಗಡಸು, ಬಾಗಿಲ ಕೊಕ್ಕೆಗೆ ಬಿಳಿ ಕಟ್ಟಿರಬಹುದೆಂದು ಹಳೆಯ ಬನಿಯನ್ ತುಂಡಿನಿಂದ ತಿಕ್ಕಿ ತಿಕ್ಕಿ ಒರೆಸಿದೆ. ಊಹೂಂ.

ನಮ್ಮ ಮನೆಯವರದು ಹಾರ್ಡ್‌ವೇರ್ ಅಂಗಡಿ. ಚಿಲಕ, ಅಗುಳಿ, ಕೊಂಡಿ, ಬೀಗ ಮಾರಿಯೇ ಬದುಕುವ ಮನುಷ್ಯ. ಹೊಳಲ್ಕೆರೆಯಲ್ಲಿ ಯಾರ ಮನೆಯ ಬಾಗಿಲು ಹಾಕಿಕೊಳ್ಳದಿದ್ದರೂ ಇವರನ್ನು ಕೇಳುತ್ತಾರೆ. ನಾನೂ ಕೇಳಿದೆ.

"ಕಂಪ್ನಿಗೆ ಫೋನ್ ಮಾಡು. ಅದರಾಗೆ ನಂಗೇನ್ ಗೊತ್ತೈತೆ?" ಎಂದು ಚಪ್ಪಲಿ ಮೆಟ್ಟಿಕೊಂಡು ಹೋದರು. ಬಗ್ಗಿ ಕೂಡ ನೋಡಲಿಲ್ಲ.

ಕಂಪನಿಯವರು ದಾವಣಗೆರೆಯಿಂದ ಯಾರನ್ನಾದರೂ ಮುಂದಿನ ವಾರ ಕಳಿಸುತ್ತೇವೆ ಎಂದರು. ಮಧ್ಯಾಹ್ನ ಶಾಲೆಯಿಂದ ಬಂದವಳು ಆ ಪಾತ್ರೆಗಳನ್ನೆಲ್ಲ ಹೊರಗೆ ತೆಗೆದು ಸಿಂಕಿನಲ್ಲಿ ಸುರಿದೆ. ಕೋಪ ಎಷ್ಟಿತ್ತೆಂದರೆ, ಖಾಲಿ ಮಿಷಿನ್ನಿನ ಬಾಗಿಲನ್ನು ಒಮ್ಮೆ ಹಾಕಿ ನೋಡೋಣ ಎಂದು ಹೊಳೆಯಲೇ ಇಲ್ಲ. ರಬ್ಬರಿನ ಕೈಗವಸು ಹಾಕಿಕೊಂಡರೆ ಬೆವರಿಗೆ ಇನ್ನೂ ಉರಿ. ಬರಿಗೈಯಲ್ಲೇ ತೊಳೆದೆ. ಇವರದು ಹಿಂದಿನ ದಿನದಿಂದ ಕಂಚಿನ ತಟ್ಟೆ ಬೇರೆ. ಕಂಚಿನಲ್ಲಿ ಉಂಡರೆ ಶುಗರ್ ಹತ್ತಿರ ಸುಳಿಯುವುದಿಲ್ಲ ಎಂದು ಫೋನಿನಲ್ಲಿ ಯಾರೋ ಹೇಳಿದ್ದನ್ನು ಕೇಳಿ, ತೀರಿಹೋದ ಮಾವನವರ ತಟ್ಟೆಯನ್ನು ಅಟ್ಟದಿಂದ ಇಳಿಸಿದ್ದರು. ಪರಾತದಷ್ಟು ಅಗಲ, ಒಂದು ಕೈಯಲ್ಲಿ ಎತ್ತಲಾಗದಷ್ಟು ಭಾರ. ಅದನ್ನು ಹುಣಸೆಹಣ್ಣು ಹಾಕಿ ತಿಕ್ಕಬೇಕು ಎಂಬ ಉಪದೇಶವೂ ಅದೇ ಫೋನಿನಲ್ಲಿ ಬಂದಿತ್ತು. ವಾಸಿಯಾಗಿ ಮತ್ತೆ ಬಿರಿದ ಕೈಗೆ ಹುಣಸೆಹುಳಿ. ಉಂಡವರಿಗೆ ಆರೋಗ್ಯ, ತಿಕ್ಕಿದವಳಿಗೆ ಉರಿ.

ಅತ್ತೆ ಮತ್ತೋಡು ಎಂಬ ಊರಿನ ಕಡೆಯವರು, ಮಾತು ನೇರ. ಬಾಗಿಲಲ್ಲಿ ನಿಂತು, "ಮಿಷಿನ್ ಅಂದ್ರೆ ಹಂಗೆ ಕಣವ್ವ, ಕೈ ಕೊಡ್ತೈತೆ. ನಮ್ ಕಾಲ್ದಾಗೆ ಕೈನೇ ಮಿಷಿನ್ನು" ಎಂದರು. ನಾನು ಅವರ ಊದಿದ ಗಿಣ್ಣುಗಳನ್ನು ನೋಡಿದೆ. ಆ ಕಾಲದ ಮಿಷಿನ್ನು ಏನಾಯಿತು ಎಂದು ಕೇಳಬೇಕೆನ್ನಿಸಿತು.

ಮಾರನೆಯ ದಿನ ಅಮಾವಾಸ್ಯೆ. ಊರಾಚೆಯ ಒಂದು ಸಣ್ಣ ಮಠದಲ್ಲಿ ಪ್ರತಿ ಅಮಾವಾಸ್ಯೆಗೂ ದಾಸೋಹ ಇರುತ್ತದೆ. ಇವರು ತಪ್ಪದೆ ಸೇವೆಗೆ ಹೋಗುತ್ತಾರೆ. ಸೇವೆ ಎಂದರೆ ಪಂಕ್ತಿಯಲ್ಲಿ ಪಾಯಸ ಬಡಿಸುವುದು ಎಂದುಕೊಂಡಿದ್ದೆ. ಆ ದಿನ ಅತ್ತೆ, "ನಾವೂ ಹೋಗಾಣ ನಡಿ, ಮನ್ಯಾಗೆ ಒಂದೊತ್ತಿನ ಪಾತ್ರೆನಾರ ಉಳೀತಾವೆ" ಎಂದರು. ಇವರು ಆಗಲೇ ಕಾರಿನಲ್ಲಿ ಹೋಗಿಯಾಗಿತ್ತು, ನಾವು ಆಟೋ ಹಿಡಿದು ಹೋದೆವು.

ಅಲ್ಲಿ ಉಂಡ ಮೇಲೆ ತಟ್ಟೆಗೆ ಚೂರು ನೀರು ಹಾಕಿ, ಬೆರಳಿನಿಂದ ಸವರಿ, ಅದನ್ನೂ ಕುಡಿಯಬೇಕು. ಪ್ರಸಾದದ ಒಂದು ಅಗುಳೂ ಚರಂಡಿಗೆ ಹೋಗಬಾರದು. ಆಮೇಲೆ ತಟ್ಟೆಯನ್ನು ಹಿಂದಿನ ನೀರಿನ ತೊಟ್ಟಿಯ ಹತ್ತಿರ ಕೊಡಬೇಕು. ನಾನು ತಟ್ಟೆ ಹಿಡಿದು ಹೋದೆ.

ತೊಟ್ಟಿಯ ಮುಂದೆ ನಮ್ಮ ಮನೆಯವರು ಕುಕ್ಕರುಗಾಲಲ್ಲಿ ಕೂತಿದ್ದರು. ಪಂಚೆ ಎತ್ತಿ ಕಟ್ಟಿದ್ದರು, ತಲೆಗೆ ಟವೆಲ್ ಸುತ್ತಿದ್ದರು, ಮೊಣಕೈಯವರೆಗೆ ನೊರೆ. ತಟ್ಟೆಗಳು ಅವರ ಕೈಯಲ್ಲಿ ಗಿರಗಿರನೆ ತಿರುಗಿ ಫಳಫಳ ಹೊಳೆದು ಆಚೆ ಬೀಳುತ್ತಿದ್ದವು. ಪಕ್ಕದಲ್ಲಿ ತಿಕ್ಕುತ್ತಿದ್ದ ಒಬ್ಬರಿಗೆ ಪಾಠ ಬೇರೆ ನಡೆದಿತ್ತು: "ಏನಪ್ಪ, ಹಿಂಗ್ ತಿಕ್ಕಿದ್ರೆ ಜಿಡ್ಡು ಹೋಗ್ತೈತಾ? ಅಂಚು ಮೊದ್ಲು ತಿಕ್ಕು, ಆಮ್ಯಾಲೆ ನಡು."

ತಲೆ ಎತ್ತದೆ ನನ್ನ ಕಡೆಗೆ ಕೈ ಚಾಚಿ, "ಕೊಡ್ರಿ ತಾಯಿ" ಎಂದರು.

ಕೊಟ್ಟೆ. ಬಳೆಯ ಗುರುತು ಹತ್ತಿತೋ ಏನೋ, ತಲೆ ಎತ್ತಿದರು. ಒಂದು ಗಳಿಗೆ ಕೈ ಅಲ್ಲೇ ನಿಂತಿತು. ಆಮೇಲೆ ತಟ್ಟೆಯನ್ನು ತಿಕ್ಕಿ, ತೊಳೆದು, ರಾಶಿಯ ಮೇಲಿಟ್ಟರು. ಮದುವೆಯಾಗಿ ಇಷ್ಟು ವರ್ಷಕ್ಕೆ ನಾನು ಉಂಡ ತಟ್ಟೆಯನ್ನು ಅವರು ತೊಳೆದದ್ದು ಅದೊಂದೇ ಸಲ, ಅದೂ ಯಾರೋ ತಾಯಿಯದೆಂದು ಕೈ ಚಾಚಿ ಇಸಿದುಕೊಂಡದ್ದಕ್ಕೆ. ಹಿಂದೆ ನಿಂತಿದ್ದ ಹಿರಿಯರೊಬ್ಬರು, "ನಿಮ್ ಯಜಮಾನ್ರು ಬಂದ್ರೆ ನಮಗೆ ಪಾತ್ರೆ ಚಿಂತೆನೇ ಇಲ್ಲ ಬಿಡ್ರಿ. ನೀವು ಪುಣ್ಯ ಮಾಡಿದ್ರಿ" ಎಂದರು.

ಸಾಯಂಕಾಲ ಇವರ ಕಾರಿನಲ್ಲೇ ಮೂವರೂ ಹೊರಟೆವು. ಅತ್ತೆ ಹಿಂದೆ ಕೂತಿದ್ದರು.

"ಇಷ್ಟು ಚೆನ್ನಾಗಿ ತೊಳೀತೀರಿ ಅಂತ ಗೊತ್ತಿರ್ಲಿಲ್ಲ" ಎಂದೆ.

"ಅದು ಸೇವೆ."

"ಮನೇಲಿ ತೊಳೆದ್ರೆ?"

"ಲೇ, ಮನ್ಯಾಗೆ ತೊಳೆದ್ರೆ ಅದು ಹೆಂಗಸರ ಕೆಲಸ. ಯಾರಾರ ನೋಡಿದ್ರೆ ಏನಂತಾರೆ?"

"ಮಠದಲ್ಲಿ ಊರೇ ನೋಡ್ತಿತ್ತಲ್ಲ."

"ಅಲ್ಲಿ ನೋಡ್ಲಿ ಬಿಡು" ಎಂದರು. ಅವರಿಗೆ ಅದರಲ್ಲಿ ಏನೂ ವಿಚಿತ್ರ ಕಾಣಲಿಲ್ಲ. ಅತ್ತೆ ಕಣ್ಣು ಮುಚ್ಚಿಕೊಂಡಿದ್ದರು, ನಿದ್ದೆ ಬಂದಿರಲಿಲ್ಲ.

ಮನೆಗೆ ಬಂದರೆ ಸಿಂಕಿನಲ್ಲಿ ಹಿಂದಿನ ರಾತ್ರಿಯ ಪಾತ್ರೆಗಳು ಒಣಗಿ ಕೂತಿದ್ದವು. ಮುದ್ದೆ ಕೂಡಿಸಿದ ಪಾತ್ರೆಯಂತೂ ಸಿಮೆಂಟು ಮೆತ್ತಿದ ಹಾಗಿತ್ತು. ಇವರು ಟಿವಿ ಮುಂದೆ ಕೂತರು. ನಾನು ಸೀರೆಯ ಸೆರಗು ಸಿಕ್ಕಿಸಿಕೊಂಡು ಮಿಷಿನ್ ಮುಂದೆ ಕೂತೆ. ನೀರಿಗೆ ಕೈ ಹಾಕಬಾರದು ಎಂದು ಅಷ್ಟು ಹೊತ್ತಿಗೆ ತೀರ್ಮಾನ ಮಾಡಿಯಾಗಿತ್ತು. ಮೊದಲು ಖಾಲಿ ಬಾಗಿಲನ್ನು ಒತ್ತಿದೆ.

ಟಕ್.

ಹಾಗಾದರೆ ಕೊಕ್ಕೆಯದು ತಪ್ಪಿಲ್ಲ. ಲ್ಯಾಬಿನಲ್ಲಿ ಮಕ್ಕಳಿಗೆ ಹೇಳಿಕೊಡುವಂತೆ ಒಂದೊಂದೇ ಇಟ್ಟು ನೋಡುತ್ತಾ ಹೋದೆ. ಮುದ್ದೆಯ ಪಾತ್ರೆ ಇಟ್ಟು ಮುಚ್ಚಿದೆ, ಟಕ್. ಸಾರಿನ ಪಾತ್ರೆ, ಟಕ್. ಲೋಟ, ಸೌಟು, ನನ್ನ ತಟ್ಟೆ, ಅತ್ತೆಯ ತಟ್ಟೆ, ಎಲ್ಲಕ್ಕೂ ಟಕ್. ಕೊನೆಗೆ ಉಳಿದದ್ದು ಕಂಚಿನ ತಟ್ಟೆ. ಅದನ್ನು ನಿಲ್ಲಿಸಿದರೆ ಅದರ ಅಂಚು ಹಿಂದಿನ ಗೋಡೆಗೆ ತಾಗಿ, ಪಾತ್ರೆ ಜೋಡಿಸುವ ಕೆಳಗಿನ ಬುಟ್ಟಿ ಪೂರ್ತಿ ಒಳಗೆ ಹೋಗಲಿಲ್ಲ. ಬುಟ್ಟಿ ಹೋಗದಿದ್ದರೆ ಬಾಗಿಲು ಹಾಕಿಕೊಳ್ಳುವುದಿಲ್ಲ. ತಿರುಗಿಸಿ ಇಟ್ಟೆ, ಮಗುಚಿ ಇಟ್ಟೆ. ಮನೆಯ ಎಲ್ಲರ ಪಾತ್ರೆಗೂ ಆ ಮಿಷಿನ್ನಿನಲ್ಲಿ ಜಾಗವಿತ್ತು, ಯಜಮಾನರ ತಟ್ಟೆಗೆ ಮಾತ್ರ ಇರಲಿಲ್ಲ. ಅದನ್ನು ತೆಗೆದು ಕಟ್ಟೆಯ ಮೇಲಿಟ್ಟು, ಬಾಗಿಲು ಹಾಕಿ ಗುಂಡಿ ಒತ್ತಿದೆ. ನೀರು ಸುಯ್ಯೆಂದು ಶುರುವಾಯಿತು. ಆ ಸದ್ದಿಗೆ ನನಗೆ ಅಳು ಬಂತು.

ಊಟದ ಹೊತ್ತಿಗೆ ಇವರು ಬಂದು, "ನನ್ ತಟ್ಟೆ ಎಲ್ಲೈತೆ?" ಎಂದರು.

"ಕಟ್ಟೆ ಮೇಲೈತೆ. ಅದು ಮಿಷಿನ್ನಿಗೆ ಹಿಡಿಯಲ್ಲ, ಅದರಿಂದಾನೇ ಬಾಗ್ಲು ಹಾಕ್ಕಳ್ತಿರ್ಲಿಲ್ಲ. ನೀವೇ ತೊಳ್ಕಳ್ರಿ. ಅಂಚು ಮೊದ್ಲು ತಿಕ್ಕ್ರಿ, ಆಮ್ಯಾಲೆ ನಡು."

ತಟ್ಟೆಯನ್ನು ನೋಡಿದರು, ಸಿಂಕ್ ನೋಡಿದರು, ನನ್ನ ಕೈ ನೋಡಿದರು. ಮಧ್ಯಾಹ್ನ ಅಷ್ಟೊಂದು ಜನರ ಎಂಜಲು ತೊಳೆದ ಮನುಷ್ಯ, ತನ್ನದೊಂದು ತಟ್ಟೆ ತೊಳೆಯುತ್ತಾರೆ ಎಂದು ನಾನು ನಿಜವಾಗಿಯೂ ನಂಬಿದ್ದೆ. ಅವರು ಗೋಡೆಗೆ ಒರಗಿ ಕೂತು ಫೋನ್ ತೆಗೆದರು.

ಅತ್ತೆ ಎದ್ದರು. ಗೋಡೆ ಹಿಡಿದುಕೊಂಡು ಸಿಂಕಿನವರೆಗೆ ಹೋಗಿ, ಹುಣಸೆಹಣ್ಣು ಕಿವುಚಿ ತಟ್ಟೆಗೆ ಹಚ್ಚಿದರು. ಊದಿದ ಬೆರಳುಗಳು ಮಡಿಸಲು ಬರುವುದಿಲ್ಲ, ಅಂಗೈಯಿಂದಲೇ ತಿಕ್ಕಿದರು. "ಬಿಡ್ರಿ ಅತ್ತೆ" ಎಂದೆ. "ನೀನು ಕುಂತ್ಕಳವ್ವ, ನಿನ್ ಕೈ ಸರಿ ಇಲ್ಲ" ಎಂದರು. ಎದ್ದು ಕಸಿದುಕೊಳ್ಳಬಹುದಿತ್ತು. ಕಸಿದುಕೊಂಡರೆ ಅದು ಮತ್ತೆ ನನ್ನ ಕೈಗೇ ಬರುತ್ತಿತ್ತು. ಗೆದ್ದೆ ಎಂದುಕೊಂಡಿದ್ದ ನನ್ನ ಎರಡೂ ಕೈಗಳನ್ನು ಮಡಿಲಲ್ಲಿಟ್ಟುಕೊಂಡು ಕೂತೆ. ಇವರ ಮೇಲಿದ್ದಷ್ಟೇ ಸಿಟ್ಟು ಆ ಮುದುಕಿಯ ಮೇಲೂ ಬಂತು.

ತಟ್ಟೆಗೆ ಬಿಸಿ ಮುದ್ದೆ ಹಾಕಿ ಮಗನ ಮುಂದಿಟ್ಟು, "ಉಣ್ಣಪ್ಪ" ಎಂದರು. ಇವರು ಉಂಡರು. ಉಂಡಾದ ಮೇಲೆ, ಅಮಾವಾಸ್ಯೆಯ ಭಕ್ತಿ ಇನ್ನೂ ಇಳಿದಿರಲಿಲ್ಲವೇನೋ, ತಟ್ಟೆಗೆ ಚೂರು ನೀರು ಹಾಕಿ, ಬೆರಳಿನಿಂದ ಅಚ್ಚುಕಟ್ಟಾಗಿ ಸವರಿ, ಕಣ್ಣುಮುಚ್ಚಿ ಕುಡಿದರು. ಆಮೇಲೆ ತಟ್ಟೆಯನ್ನು ಅಲ್ಲೇ ಬಿಟ್ಟು ಎದ್ದು ಹೋದರು.

ಅತ್ತೆ ಮತ್ತೆ ಗೋಡೆ ಹಿಡಿದುಕೊಂಡರು.