ಬೆನ್ನ ಹಿಂದಿನ ಮರ

“ಅದು ದೊರೆಗಳ ಆಟ ಅತ್ತಿಗೆ, ನಿನ್ ಕೈಲಿ ಆಗಲ್ಲ ಬಿಡು” ಅಂದಿದ್ದ ಮೈದುನ. ಊರಿಗಾಂನ ಗುಜರಿ ಅಂಗಡಿಯಿಂದ ನಾನು ಬಿಳಿ ದೊರೆಗಳ ಕಾಲದ ಒಂದು ಹಳೇ ಗಾಳದ ಕೋಲು, ಅದರ ಜೊತೆಗಿದ್ದ ಇಂಗ್ಲಿಷ್ ಪುಸ್ತಕ ತಂದಿದ್ದೆ. ನಮ್ಮ ಗಾಳಕ್ಕೆ ಕಲ್ಲಿನ ಭಾರ ಇರುತ್ತದೆ, ಬೀಸಿ ಒಗೆದರಾಯಿತು. ಇದರ ತುದಿಯಲ್ಲಿರುವುದು ಪುಕ್ಕ ಕಟ್ಟಿದ ಹುಸಿ ನೊಣ, ತೂಕವೇ ಇಲ್ಲ. ದಾರವನ್ನು ಹಿಂದಕ್ಕೆ ಹಾರಿಸಿ, ಅದು ನೆಟ್ಟಗಾಗುವವರೆಗೆ ಕಾದು, ಆಮೇಲೆ ಮುಂದಕ್ಕೆ ಬೀಸಬೇಕು. ಹಿಂದಕ್ಕೆ ಹಾರಿಸುವುದಕ್ಕೆ ಬ್ಯಾಕ್ ಕಾಸ್ಟ್ ಎನ್ನುತ್ತಾರೆ. ಡಿಕ್ಷನರಿ ಇಟ್ಟುಕೊಂಡು ಓದಿ, ಚಿನ್ನದ ಗಣಿಯ ವಿಷಮಣ್ಣು ಸುರಿದ ಸೈನೈಡ್ ದಿಬ್ಬದ ಮೇಲೆ ಅಭ್ಯಾಸ ಮಾಡಿದೆ.

ಬಂಗಾರಪೇಟೆ ಹತ್ತಿರದ ಕೆರೆಯ ರೆಸಾರ್ಟಿಗೆ ಇದನ್ನು ಕಲಿಸುವವರು ಬೇಕಾಗಿದ್ದರು. ಹಾಲು ಮಾರಿ ಸಾಕಾಗಿದ್ದ ನನಗೆ ಆ ಕೆಲಸ ಬೇಕೇ ಬೇಕಿತ್ತು. ಕೋಲು ಹಿಡಿದು ಕೆರೆ ದಡಕ್ಕೆ ಹೋದರೆ, ಮ್ಯಾನೇಜರ್ ನನ್ನ ಸೀರೆ ನೋಡಿ, “ಕಲಿಸೋರು ಯಾವಾಗ ಬರ್ತಾರಮ್ಮ?” ಅಂದರು.

“ಬಂದಾಯ್ತು ಸಾರ್” ಎಂದು ಕೋಲೆತ್ತಿದೆ.

ಮೊದಲ ಬೀಸಿಗೇ ನೊಣ ಹಿಂದಿನ ಜಾಲಿಮರಕ್ಕೆ ಸಿಕ್ಕಿಕೊಂಡಿತು. ನಾನು ಕಲಿತ ದಿಬ್ಬದ ಮೇಲೆ ಹುಲ್ಲೂ ಬೆಳೆಯುವುದಿಲ್ಲ. ಬೆನ್ನ ಹಿಂದೆ ಮರ ಇರಬಹುದೆಂದು ಹೊಳೆದೇ ಇರಲಿಲ್ಲ.

“ಮೀನು ಮರದ ಮೇಲಿದೆಯೇನಮ್ಮ?”

“ನಿಮ್ಮ ಗಿರಾಕಿಗಳೂ ಅಲ್ಲಿಗೇ ಹಾಕ್ತಾರೆ ಸಾರ್, ನೋಡ್ತಿರಿ.”

ಮುಳ್ಳು ತರಚಿಸಿಕೊಂಡು ಬಿಡಿಸಿ ತಂದು, ರೋಲ್ ಕಾಸ್ಟ್ ಮಾಡಿದೆ. ಅದರಲ್ಲಿ ದಾರ ದೂರ ಹಿಂದೆ ಹೋಗುವುದಿಲ್ಲ, ನೀರಿನ ಮೇಲೇ ಸುರುಳಿಯಾಗಿ ಉರುಳುತ್ತದೆ. ಅದಕ್ಕೆ ನೀರಿನ ಹಿಡಿತ ಬೇಕು, ಒಣ ದಿಬ್ಬದ ಮೇಲೆ ನನಗದು ಒಮ್ಮೆಯೂ ಬಂದಿರಲಿಲ್ಲ. ಅವತ್ತು ಬಂತು. ಮ್ಯಾನೇಜರ್ ನನಗೊಂದು ಕುರ್ಚಿ ತರಿಸಿದರು.

ಈಗ ಆ ಕೆಲಸ ನನ್ನದು, ಹೊಸ ಕೋಲೂ ಸ್ವಂತದ್ದು. ದಿನವಿಡೀ ಬೀಸಿ ಬೀಸಿ ಬಲಭುಜ ಮಾತ್ರ ಹೋಯಿತು. ಜಡೆ ಹೆಣೆಯಲು ಕೈ ಏಳದೆ, ಕೂದಲನ್ನು ಕುತ್ತಿಗೆಯವರೆಗೆ ಕತ್ತರಿಸಿಬಿಟ್ಟಿದ್ದೇನೆ.