ಬೋರ್ಡಕ್ಕನ ಪುಟ, ಡ್ರೈವರಣ್ಣನ ದನಿ

ಬೆಳಿಗ್ಗೆ ಆರು ಗಂಟೆಗೆ ಇನ್ನೂ ಹತ್ತು ನಿಮಿಷ ಇದೆ. ಗೇಟಿನ ಬೀಗ ತೆಗೆದು, ಆಫೀಸಿನ ಎರಡೂ ಕಿಟಕಿ ತೆರೆದು, ಮೇಜಿನ ಧೂಳು ಒರೆಸಿ ಆಕೆ ಕಂಪ್ಯೂಟರಿನ ಮುಂದೆ ಕೂರುತ್ತಾರೆ. ಕನ್ನಡಕ ಮೂಗಿನ ತುದಿಗೆ ಇಳಿದಿದೆ. ಟೈಪ್ ಮಾಡಲು ಹತ್ತು ಬೆರಳಿದ್ದರೂ ದುಡಿಯುವುದು ಎರಡೇ. ಉಳಿದ ಎಂಟು ಸುಮ್ಮನೆ ನೋಡುತ್ತಿರುತ್ತವೆ. ಒಂದೊಂದೇ ಅಕ್ಷರ ಪರದೆಯ ಮೇಲೆ ಮೂಡುತ್ತದೆ, ಆಕೆ ಅದನ್ನು ತುಟಿ ಅಲ್ಲಾಡಿಸುತ್ತಾ ಓದಿಕೊಳ್ಳುತ್ತಾರೆ.

“ಎಲ್ಲರಿಗೂ ನಮಸ್ಕಾರ. ನಾಲ್ಕನೇ ಕ್ಲಾಸಿನ ಟೀಚರಿಗೆ ಜ್ವರ. ಇವತ್ತು ಹೆಡ್‌ಮೇಡಂ ಪಾಠ ಮಾಡ್ತಾರೆ, ಹೋಂವರ್ಕ್ ಮುಗಿಸದವರು ಈಗಲೇ ಮುಗಿಸಿಕೊಳ್ಳಿ, ಆಮೇಲೆ ನನ್ನನ್ನು ಬೈಬೇಡಿ. ಹಿಂದಿನ ನಲ್ಲಿಯಲ್ಲಿ ನೀರಿಲ್ಲ, ಬಾಟಲಿ ತುಂಬಿಸಿ ಕಳಿಸಿ. ನಿನ್ನೆ ಎಡಗಾಲಿನ ಶೂ ಒಂದು ಸಿಕ್ಕಿದೆ. ಬಲಗಾಲಿನದು ಯಾರ ಮನೆಯಲ್ಲಿದೆಯೋ ಅವರು ಬಂದು ತಗೊಂಡು ಹೋಗಿ.”

ಇದು ಒಂದು ಶಾಲೆಯ ವೆಬ್‌ಸೈಟಿನ ಮೊದಲ ಪುಟ. ನಂಬಿ.

ಶಾಲೆಗಳ ವೆಬ್‌ಸೈಟು ಅಂದರೆ ನನಗೆ ಮೊದಲಿನಿಂದಲೂ ಅಷ್ಟಕ್ಕಷ್ಟೇ. ಅಧ್ಯಕ್ಷರು ಕೈಕಟ್ಟಿ ನಿಂತ ಫೋಟೋ, ನಮ್ಮ ಧ್ಯೇಯ, ನಮ್ಮ ದೂರದೃಷ್ಟಿ, ಎರಡು ವರ್ಷ ಹಿಂದಿನ ಕ್ರೀಡಾಕೂಟದ ಚಿತ್ರ. ತೆರೆದವರು ಆಕಳಿಸಿ ಮುಚ್ಚುತ್ತಾರೆ. ಈ ಶಾಲೆಯ ಪುಟವನ್ನು ಜನ ಹಲ್ಲುಜ್ಜುತ್ತಲೇ ತೆರೆಯುತ್ತಾರೆ ಎಂದು ನಮ್ಮ ಪತ್ರಿಕೆಯ ಸಹೋದ್ಯೋಗಿಯೊಬ್ಬರು ಹೇಳಿದಾಗ, ಬಿಡಿ ಸ್ವಾಮಿ, ರೈಲು ಬಿಡಬೇಡಿ ಎಂದಿದ್ದೆ. ಈಗ ಆ ಮಾತನ್ನು ವಾಪಸ್ ತಗೊಂಡಿದ್ದೇನೆ.

ಆಕೆ ಈ ಶಾಲೆಯ ಅಟೆಂಡರ್. ಗಂಟೆ ಹೊಡೆಯುವುದು, ಹಾಜರಿ ಪುಸ್ತಕ ಕೊಂಡೊಯ್ಯುವುದು, ವಾಂತಿ ಮಾಡಿಕೊಂಡ ಮಗುವಿನ ಮುಖ ತೊಳೆದು ಕೂರಿಸುವುದು ಆಕೆಯ ಕೆಲಸ. ಇಪ್ಪತ್ತಮೂರು ವರ್ಷದ ಸರ್ವೀಸು. ಅದರಲ್ಲಿ ಹತ್ತೊಂಬತ್ತು ವರ್ಷ ಗೇಟಿನ ಪಕ್ಕದ ಕರಿಹಲಗೆಯ ಮೇಲೆ ಸೀಮೆಸುಣ್ಣದಲ್ಲಿ ದಿನದ ಸೂಚನೆ ಬರೆದವರೂ ಆಕೆಯೇ. ಹೀಗಾಗಿ ಮಕ್ಕಳ ಬಾಯಲ್ಲಿ ಬೋರ್ಡಕ್ಕ, ಮಕ್ಕಳ ತಾಯಂದಿರ ಬಾಯಲ್ಲೂ ಬೋರ್ಡಕ್ಕ. ಆ ತಾಯಂದಿರಲ್ಲಿ ಅರ್ಧ ಜನ ಒಂದು ಕಾಲದಲ್ಲಿ ಇದೇ ಗೇಟಿನಲ್ಲಿ ಅತ್ತು ಕರೆದು ಒಳಗೆ ಬಂದವರು.

ಕಂಪ್ಯೂಟರ್ ಮೇಷ್ಟ್ರು ಬೇರೆ ಕೆಲಸ ಸಿಕ್ಕಿ ಹೊರಟು ನಿಂತಾಗ ವೆಬ್‌ಸೈಟನ್ನು ಯಾರು ನೋಡಿಕೊಳ್ಳಬೇಕು ಎಂಬ ಪ್ರಶ್ನೆ ಬಂತಂತೆ. ಟೀಚರುಗಳೆಲ್ಲ ನೆಲ ನೋಡಿದರು. ಹೆಡ್‌ಮೇಡಂ ಇವರತ್ತ ತಿರುಗಿ, “ಹಲಗೆ ಮೇಲೆ ಬರೆಯೋದನ್ನ ಇದರಲ್ಲಿ ಬರೀರಿ ಅಷ್ಟೇ” ಎಂದರು. ಮೇಷ್ಟ್ರು ಹೋಗುವ ಮುಂಚೆ ನಾಲ್ಕು ದಿನ ಹೇಳಿಕೊಟ್ಟರು.

“ಮೊದಲನೇ ದಿನ ಆ ಮೌಸಿನ ಬಾಣದ ಗುರುತು ಎಲ್ಲಿ ಹೋಯ್ತು ಅಂತ ಮೇಜಿನ ಕೆಳಗೆಲ್ಲ ನೋಡಿದ್ದೆ, ನಿಜ ಹೇಳ್ತೀನಿ” ಎಂದು ಆಕೆ ಬಾಯಿಗೆ ಸೆರಗು ಅಡ್ಡ ಹಿಡಿದು ನಗುತ್ತಾರೆ. “ಆಮೇಲೆ ಅನ್ನಿಸ್ತು, ಇದೂ ಹಲಗೇನೇ. ಹಲಗೆ ಓದೋಕೆ ಅವರು ಗೇಟಿಗೆ ಬರ್ಬೇಕಿತ್ತು. ಇದು ಅವರ ಮನೆಗೇ ಹೋಗುತ್ತೆ. ಅಷ್ಟು ಬಿಟ್ರೆ ಏನು ವ್ಯತ್ಯಾಸ?”

ಶಾಲೆಯಲ್ಲಿ ನಾನೂರ ಹನ್ನೆರಡು ಮಕ್ಕಳು, ಮೂರು ವ್ಯಾನು. ಬೆಳಿಗ್ಗೆ ಎಂಟರೊಳಗೆ ಪುಟವನ್ನು ಆರುನೂರು ಜನ ನೋಡಿರುತ್ತಾರೆ. ಕೆಳಗೆ ಉತ್ತರ ಬರೆಯಲು ಜಾಗವಿದೆ, ದಿನಕ್ಕೆ ಎಪ್ಪತ್ತು ಎಂಬತ್ತು ಉತ್ತರ ಬೀಳುತ್ತವೆ. ಆಕೆ ಒಂದನ್ನೂ ಬಿಡುವುದಿಲ್ಲ. “ಆಯ್ತಮ್ಮ, ಮಾತ್ರೆ ನಾನೇ ನುಂಗಿಸ್ತೀನಿ.” “ಇಲ್ಲಣ್ಣ, ನಿಮ್ಮ ಮಗ ಸುಳ್ಳು ಹೇಳಿದಾನೆ, ನಾಳೆ ರಜೆ ಇಲ್ಲ.” ಮೂರನೇ ಕ್ಲಾಸಿನ ಬಾಗಿಲ ಚಿಲಕ ಕಿತ್ತುಬಂದಿದೆ, ಯಾರಾದರೂ ಬರ್ತೀರಾ ಎಂದು ಒಮ್ಮೆ ಹಾಕಿದರೆ ಅರ್ಧ ಗಂಟೆಯಲ್ಲಿ ಮೂವರು ಅಪ್ಪಂದಿರು ಸ್ಕ್ರೂಡ್ರೈವರ್ ಹಿಡಿದು ಹಾಜರ್. ಒಂದು ಚಿಲಕಕ್ಕೆ ಮೂವರು ಸೇರಿ ಒಂದು ಪೀರಿಯಡ್ಡೇ ತೆಗೆದುಕೊಂಡರಂತೆ, ಅದು ಬೇರೆ ವಿಷಯ.

ಮನೆಯಲ್ಲಿ ಯಜಮಾನರು ಗಡಿಯಾರ ರಿಪೇರಿ ಮಾಡುವವರು, ಮಗಳು ಆಸ್ಪತ್ರೆಯಲ್ಲಿ ನರ್ಸು. ಹೆಂಡತಿ ಬೆಳಗಾಗುವ ಮುಂಚೆ ಶಾಲೆಗೆ ಓಡುವುದನ್ನು ನೋಡಿ ಯಜಮಾನರು, “ನಮ್ಮನೆಗೂ ಒಂದು ಪುಟ ಮಾಡಿಬಿಡೇ, ಇವತ್ತು ತಿಂಡಿ ಇದೆಯೋ ಇಲ್ವೋ ಅಲ್ಲೇ ನೋಡ್ಕೋತೀನಿ” ಎನ್ನುತ್ತಾರಂತೆ.

ಪುಟದಲ್ಲಿ ಬರಹದ ಜೊತೆ ದನಿಯೂ ಇರುತ್ತದೆ. ಅದು ಶುರುವಾದದ್ದು ಎರಡನೇ ವ್ಯಾನಿನಿಂದ. ಆ ವ್ಯಾನು ರೈಲ್ವೆ ಗೇಟು ದಾಟಿ ಓಡಾಡಬೇಕು. ಒಂದು ಸಂಜೆ ನಲವತ್ತು ನಿಮಿಷ ತಡವಾಗಿ, ಮಕ್ಕಳು ಮನೆ ಮುಟ್ಟಲಿಲ್ಲವೆಂದು ತಾಯಂದಿರೆಲ್ಲ ಶಾಲೆಯ ಮುಂದೆ ಜಮಾಯಿಸಿದರು. ಬೋರ್ಡಕ್ಕ ಡ್ರೈವರಣ್ಣನಿಗೆ ಫೋನು ಹಚ್ಚಿ, ಸ್ಪೀಕರಿಗೆ ಹಾಕಿ, ಕಂಪ್ಯೂಟರಿನ ಮೈಕಿನ ಮುಂದೆ ಹಿಡಿದು, ಆತನ ಮಾತನ್ನೇ ಪುಟಕ್ಕೆ ಏರಿಸಿದರು. “ನಾನು ಬರೆದ್ರೆ ನೂರು ಪ್ರಶ್ನೆ ಕೇಳ್ತಾರೆ. ಅಣ್ಣ ತನ್ನ ಬಾಯಲ್ಲೇ ಹೇಳಿದ ಮೇಲೆ ಎಲ್ಲರೂ ಗಪ್‌ಚುಪ್. ಓದೋಕೆ ಬರದೇ ಇರೋರಿಗೂ ಅನುಕೂಲ ಆಯ್ತು.” ಅಂದಿನಿಂದ ದಿನಾ ಬೆಳಿಗ್ಗೆ, ಸಂಜೆ ವ್ಯಾನು ನಿಲ್ಲಿಸಿ ಆತ ಫೋನು ಮಾಡುತ್ತಿದ್ದ. ಎರಡೂವರೆ ವರ್ಷ ಹಾಗೇ ನಡೆಯಿತು.

ಕಳೆದ ವರ್ಷ ಒಂದು ಭಾನುವಾರ ಡ್ರೈವರಣ್ಣನಿಗೆ ಎದೆನೋವು ಬಂತು. ಆಸ್ಪತ್ರೆ ಮುಟ್ಟುವಷ್ಟರಲ್ಲಿ ಎಲ್ಲ ಮುಗಿದಿತ್ತು. ಮೂವತ್ತೆಂಟು ವರ್ಷ.

ತಿಂಗಳು ಕಳೆದ ಮೇಲೆ ಆತನ ಹೆಂಡತಿ ಶಾಲೆಗೆ ಬಂದರು. ಗಾರ್ಮೆಂಟ್ಸಿನಲ್ಲಿ ಗುಂಡಿ ಹೊಲಿಯುವ ಕೆಲಸ ಅವರದು. ಕಂಕುಳಲ್ಲಿ ಎರಡು ವರ್ಷ ತುಂಬದ ಹೆಣ್ಣುಮಗು. ಬೋರ್ಡಕ್ಕ ಕುರ್ಚಿ ಎಳೆದು ಕೂರಿಸಿ ನೀರು ಕೊಟ್ಟರು. ಬಂದಾಕೆ ಕೇಳಿದ್ದು ಒಂದೇ.

“ಅಕ್ಕಾ, ಮನೇಲಿ ಅವರ ಫೋಟೋ ಬೇಕಾದಷ್ಟಿದೆ. ಮಾತು ಒಂದೂ ಇಲ್ಲ. ನಂಗೆ ಯಾವಾಗ್ಲೂ ಫೋನೇ ಮಾಡ್ತಿದ್ರು, ಮಾತಾಡಿ ಇಟ್ಬಿಡ್ತಿದ್ರು. ಇವಳು ದೊಡ್ಡವಳಾಗಿ ಅಪ್ಪ ಹೇಗೆ ಮಾತಾಡ್ತಿದ್ರು ಅಂತ ಕೇಳಿದ್ರೆ ನಾನೇನು ಹೇಳ್ಲಿ? ನಿಮ್ಮ ಪುಟದಲ್ಲಿ ದಿನಾ ಬರ್ತಿತ್ತಲ್ಲ, ಅದನ್ನ ಕೊಡ್ತೀರಾ?”

ಇಲ್ಲಿ ಬೋರ್ಡಕ್ಕನ ಒಂದು ಅಭ್ಯಾಸ ಹೇಳಬೇಕು. ಹತ್ತೊಂಬತ್ತು ವರ್ಷ ಹಲಗೆ ಬರೆದವರಿಗೆ ಕೈಗೆ ಹತ್ತಿದ ಪಾಠ: ಹೊಸದು ಬರೆಯುವ ಮುಂಚೆ ಹಳೆಯದನ್ನು ಒದ್ದೆ ಬಟ್ಟೆಯಲ್ಲಿ ಚೊಕ್ಕವಾಗಿ ಒರೆಸಬೇಕು. ನಿನ್ನೆಯ ಸೂಚನೆ ಇಂದು ಉಳಿದರೆ ಹೆಡ್‌ಮೇಡಂ ಬೈಯುತ್ತಿದ್ದರು. ಹಾಗಾಗಿ ಕಂಪ್ಯೂಟರಿನಲ್ಲೂ ಆಕೆ ದಿನಾ ಬೆಳಿಗ್ಗೆ ಮೊದಲು ಹಿಂದಿನ ದಿನದ ಪುಟವನ್ನು ಅಳಿಸುತ್ತಿದ್ದರು. ಬರಹ, ಚಿತ್ರ, ದನಿ, ಎಲ್ಲ. ಅಳಿಸಿದ್ದು ಪರದೆಯ ಮೂಲೆಯ ಕಸದ ಬುಟ್ಟಿಗೆ ಬೀಳುತ್ತದೆ ಎಂದು ಮೇಷ್ಟ್ರು ಹೇಳಿದ್ದರು. ಕಸದ ಬುಟ್ಟಿ ತುಂಬಿಕೊಂಡಿದ್ದರೆ ಯಾವ ಅಟೆಂಡರಿಗೆ ಸಮಾಧಾನ? ಸಂಜೆ ಮನೆಗೆ ಹೊರಡುವ ಮುಂಚೆ ತರಗತಿಗಳ ಬುಟ್ಟಿಗಳ ಜೊತೆ ಅದನ್ನೂ ಖಾಲಿ ಮಾಡಿಯೇ ಹೋಗುತ್ತಿದ್ದರು. ಇಷ್ಟು ಶಿಸ್ತಿನಿಂದ ಇಷ್ಟು ದೊಡ್ಡ ತಪ್ಪು ಮಾಡಿದವರನ್ನು ನಾನಂತೂ ಬೇರೆ ಕಂಡಿಲ್ಲ.

“ಆ ತಾಯಿ ಮುಖ ನೋಡೋಕೆ ಆಗ್ಲಿಲ್ಲ ನಂಗೆ” ಎನ್ನುವಾಗ ಈಗಲೂ ಬೋರ್ಡಕ್ಕನ ಕಣ್ಣು ತುಂಬುತ್ತದೆ. “ಎರಡೂವರೆ ವರ್ಷದ್ದು ಒಂದು ತುಂಡೂ ಇಟ್ಟಿರ್ಲಿಲ್ಲ. ‘ಇಲ್ಲಮ್ಮ, ನಾನೇ ಅಳಿಸಿದೀನಿ’ ಅಂದೆ. ಅವಳು ಬೈದಿದ್ರೆ ಚೆನ್ನಾಗಿತ್ತು. ‘ಹೋಗ್ಲಿ ಬಿಡಕ್ಕ, ನಿಮಗೇನು ಗೊತ್ತಿತ್ತು’ ಅಂದು ಮಗೂನ ಎತ್ಕೊಂಡು ಹೊರಟೇಬಿಟ್ಲು.”

ಕಂಪ್ಯೂಟರ್ ರಿಪೇರಿಯವರನ್ನು ಕರೆಸಿ ಎರಡು ದಿನ ಜಾಲಾಡಿಸಿದರು. ಅವರು ಕಡ್ಡಿ ಮುರಿದಂತೆ ಹೇಳಿದರು: ಸಿಗುವುದಿಲ್ಲ. ಮೂರನೇ ದಿನ ಬೆಳಿಗ್ಗೆ ಬೋರ್ಡಕ್ಕ ಪುಟದ ಮೇಲೆ ಹೀಗೆ ಬರೆದರು.

“ಎಲ್ಲರಿಗೂ ನಮಸ್ಕಾರ. ಎರಡನೇ ವ್ಯಾನಿನ ಡ್ರೈವರಣ್ಣನ ಮಾತು ಇಲ್ಲಿ ದಿನಾ ಬರ್ತಿತ್ತು. ಅದಷ್ಟನ್ನೂ ನಾನೇ ಅಳಿಸಿ ಹಾಕಿದ್ದೀನಿ. ಅವರ ಮಗು ಅಪ್ಪನ ದನಿ ಕೇಳಬೇಕು. ಯಾರ ಫೋನಿನಲ್ಲಾದರೂ ಒಂದೇ ಒಂದು ಉಳಿದಿದ್ದರೆ ಕೊಡಿ. ತಪ್ಪು ನನ್ನದು, ಹೊಟ್ಟೆಗೆ ಹಾಕ್ಕೊಳ್ಳಿ.”

ಹೆಡ್‌ಮೇಡಂ ಇದನ್ನು ಓದಿ ಗಾಬರಿಯಾದರು. ಶಾಲೆಯ ತಪ್ಪನ್ನು ಊರ ಮುಂದೆ ಯಾರಾದರೂ ಹೀಗೆ ಹರವಿಕೊಳ್ಳುತ್ತಾರೆಯೇ, ತೆಗೆಯಿರಿ ಎಂದರು. ಎಂದೂ ಎದುರಾಡದ ಅಟೆಂಡರು ಅಂದು ಕದಲಲಿಲ್ಲ. “ಮೇಡಂ, ಅಳಿಸಿ ಅಳಿಸೀನೇ ಇಲ್ಲಿಗೆ ಬಂದಿರೋದು. ಇದೊಂದನ್ನ ಅಳಿಸು ಅನ್ಬೇಡಿ” ಎಂದರಂತೆ. ಹೆಡ್‌ಮೇಡಂ ಸಂಜೆ ತಾವೇ ಪುಟದ ಕೆಳಗೆ, ದಯವಿಟ್ಟು ಎಲ್ಲರೂ ಹುಡುಕಿ ಎಂದು ಸೇರಿಸಿದರು. ಅವರಿಗೂ ಒಂದು ನಮಸ್ಕಾರ ಸಲ್ಲಲೇಬೇಕು.

ಉತ್ತರಗಳು ಬಂದವು ನೋಡಿ, ಇನ್ನೂರಕ್ಕೂ ಮೇಲೆ. ನನ್ನ ಮಗ ಒಳಗೆ ಹೋಗಿ ಬಾಗಿಲು ಹಾಕುವವರೆಗೂ ಅಣ್ಣ ವ್ಯಾನು ಹೊರಡಿಸುತ್ತಿರಲಿಲ್ಲ ಎಂದು ಒಬ್ಬರು. ಕಿಟಕಿ ಪಕ್ಕದ ಸೀಟಿಗೆ ಸರದಿ ಪಟ್ಟಿ ಮಾಡಿ ಜಗಳ ಬಿಡಿಸಿದ್ದರು ಎಂದು ಇನ್ನೊಬ್ಬರು. ಫೋಟೋಗಳು ಬಂದವು. ಮಗುವಿಗೆ ಫ್ರಾಕುಗಳು ಬಂದವು. ದನಿ ಮಾತ್ರ ಬರಲಿಲ್ಲ. ಎಲ್ಲರೂ ಕೇಳಿದ್ದರು, ಯಾರೂ ಇಟ್ಟುಕೊಂಡಿರಲಿಲ್ಲ. ದಿನಾ ಬರುವುದನ್ನು ಯಾರು ತಾನೇ ಎತ್ತಿಡುತ್ತಾರೆ? ಒಂಬತ್ತು ದಿನ ಬೋರ್ಡಕ್ಕ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾದರು.

ಹತ್ತನೇ ದಿನ ತಕ್ಕಡಿ ರಿಪೇರಿಯವರು ಬಂದರು, ಎರಡನೇ ವ್ಯಾನಿನ ಮಗುವೊಂದರ ಅಪ್ಪ. ಅಂಗಡಿಗಳ ತೂಕದ ಯಂತ್ರ ಸರಿಮಾಡುವ ಈ ಮನುಷ್ಯನಿಗೆ ಒಂದು ಗ್ರಾಮು ಹೆಚ್ಚುಕಮ್ಮಿಯಾದರೂ ತಲೆ ಕೆಡುತ್ತದೆ. ಶಾಲೆಯ ಯಾವ ಮೀಟಿಂಗಿನಲ್ಲೂ ಮೊದಲು ಎದ್ದು ನಿಲ್ಲುವವರು ಅವರೇ. ಅಂದು ಮಾತ್ರ ಬಾಗಿಲಲ್ಲೇ ನಿಂತು ಚಪ್ಪಲಿ ನೋಡುತ್ತಿದ್ದರು.

“ಅಕ್ಕಾ, ನನ್ನತ್ರ ಹದಿನಾಲ್ಕು ಇದೆ. ಹೇಳ್ಕೊಳ್ಳೋಕೆ ನಾಚಿಕೆ. ವ್ಯಾನು ತಡ ಆದಾಗೆಲ್ಲ ಇಳಿಸಿಟ್ಕೊಂಡಿದ್ದೆ, ತಾರೀಕು ಹಾಕಿ. ವರ್ಷದ ಕೊನೇಲಿ ಮೇಡಂ ಮುಂದೆ ಇಟ್ಟು ಆ ಡ್ರೈವರನ್ನ ಬದಲಾಯಿಸಿ ಅಂತ ಕೇಳೋಕೆ. ಒಂಬತ್ತು ದಿನದಿಂದ ಜೇಬಲ್ಲಿ ಇಟ್ಕೊಂಡು ಓಡಾಡ್ತಿದೀನಿ.”

ಬೋರ್ಡಕ್ಕ ಅವರನ್ನು ಬೈದರೇ ಎಂದು ಕೇಳಿದೆ. “ಬೈಯೋದಾ? ಕಾಲಿಗೆ ಬೀಳೋದೊಂದು ಬಾಕಿ! ನಾನು ಪ್ರೀತಿಯಿಂದ ಅಳಿಸಿದ್ದನ್ನ ಅವರು ಸಿಟ್ಟಿನಿಂದ ಉಳಿಸಿದ್ರಲ್ಲ” ಎಂದರು.

ಮಧ್ಯಾಹ್ನ ಡ್ರೈವರಣ್ಣನ ಹೆಂಡತಿಯನ್ನು ಕರೆಸಿದರು. ತಕ್ಕಡಿಯವರೂ ಅಲ್ಲೇ ಮೂಲೆಯಲ್ಲಿ ನಿಂತಿದ್ದರು. ಮೊದಲನೆಯದನ್ನು ಹಾಕಿದ ಕೂಡಲೇ ಆಫೀಸಿನಲ್ಲಿ ಆತನ ದನಿ ಬಂತು: “ಎರಡನೇ ವ್ಯಾನು, ಹದಿನೈದು ನಿಮಿಷ ತಡ. ರೈಲ್ವೆ ಗೇಟ್ ಹಾಕಿದಾರೆ. ಯಾರೂ ಗಾಬರಿ ಆಗ್ಬೇಡಿ, ಮಕ್ಕಳೆಲ್ಲ ಆರಾಮಾಗಿದಾರೆ. ಬೇಕಾದ್ರೆ ಕೇಳಿ.” ಆಮೇಲೆ ಒಂದು ವ್ಯಾನು ತುಂಬ ಮಕ್ಕಳ ಕಿರುಚಾಟ, ನಡುವೆ ಆತನ ನಗು. ಮಗು ತಾಯಿಯ ತೊಡೆಯಿಂದ ಇಳಿದು ಕಂಪ್ಯೂಟರಿನ ಹಿಂದೆ ಹೋಗಿ ಹುಡುಕಿತಂತೆ. ತಾಯಿ ಹದಿನಾಲ್ಕನ್ನೂ ಕೇಳಿದರು. ಕೇಳಿ ಮುಗಿದ ಮೇಲೆ ಕಣ್ಣೊರೆಸಿಕೊಂಡು ತಕ್ಕಡಿಯವರ ಕಡೆ ತಿರುಗಿದರು.

“ಅಣ್ಣಾ, ನೀವು ಇನ್ನೂ ಸ್ವಲ್ಪ ದಿನ ನಮ್ಮೋರ ಮೇಲೆ ಸಿಟ್ಟು ಮಾಡ್ಕೊಂಡಿರ್ಬೇಕಿತ್ತು” ಎಂದರಂತೆ. ಅಷ್ಟು ದೊಡ್ಡ ಗಂಡಸು ಗೋಡೆಗೆ ಮುಖ ಮಾಡಿ ಅತ್ತರು ಎಂದು ಬೋರ್ಡಕ್ಕ ದನಿ ತಗ್ಗಿಸಿ ಹೇಳುತ್ತಾರೆ.

ಆ ಹದಿನಾಲ್ಕರ ಪೈಕಿ ಒಂದು ಈಗಲೂ ಪುಟದಲ್ಲಿದೆ, ಹೆಂಡತಿಯೇ ಕೇಳಿ ಹಾಕಿಸಿದ್ದು. ನಾನೂ ಕೇಳಿದೆ. ಕಂಡರಿಯದ ಒಬ್ಬ ಡ್ರೈವರು ನನಗೂ ಗಾಬರಿ ಆಗಬೇಡಿ ಎಂದು ಹೇಳಿದಂತಾಯಿತು. ಮನಸ್ಸು ತುಂಬಿ ಬಂತು, ಬಚ್ಚಿಡುವುದೇಕೆ.

ಬೋರ್ಡಕ್ಕ ಈಗ ಏನನ್ನೂ ಅಳಿಸುವುದಿಲ್ಲ. ತಿಂಗಳಿಗೊಂದು ಕಡತ ಮಾಡಿ, ತಾರೀಕು ಬರೆದು ಇಡುವುದನ್ನು ಮಗಳಿಂದ ಕಲಿತಿದ್ದಾರೆ. ಅಡುಗೆ ಕೋಣೆಯ ಅಮ್ಮ, ತೋಟ ನೋಡಿಕೊಳ್ಳುವ ತಾತ, ಮೂರೂ ವ್ಯಾನಿನವರು, ಎಲ್ಲರ ಕೈಲೂ ವಾರಕ್ಕೊಮ್ಮೆ ನಾಲ್ಕು ಮಾತಾಡಿಸಿ ಪುಟಕ್ಕೆ ಏರಿಸುತ್ತಾರೆ. ನಿವೃತ್ತಿಗೆ ಎರಡು ವರ್ಷ ಇದೆ. ಇಷ್ಟೆಲ್ಲ ಮಾಡಿದ ಮೇಲೆ ಏನಾದರೂ ಆಸೆ ಇದೆಯೇ, ಸನ್ಮಾನ ಗಿನ್ಮಾನ ಎಂದು ಕೆಣಕಿದೆ.

“ಅಯ್ಯೋ, ಸನ್ಮಾನ ತಗೊಂಡು ಎಲ್ಲಿಡ್ಲಿ?” ಎಂದರು. “ಒಂದೇ ಆಸೆ. ಮುಂದೆ ಯಾವತ್ತಾದ್ರೂ ಯಾರಾದ್ರೂ ಹೀಗೇ ಬಂದು, ‘ಅಕ್ಕಾ, ನಮ್ಮೋರ ಮಾತು ನಿಮ್ಮ ಪುಟದಲ್ಲಿ ಇದೆಯಾ’ ಅಂತ ಕೇಳ್ತಾರಲ್ಲ, ಆವಾಗ ಈ ಕುರ್ಚೀಲಿ ಯಾರೇ ಇರ್ಲಿ, ‘ಇದೆ, ಕೂತ್ಕೊಳ್ಳಿ’ ಅನ್ಬೇಕು.”