ಟೀಚರ್ ತೆಗೆದಿಟ್ಟ ಪಾಲು

ನಮ್ಮ ಕನ್ನಡ ಟೀಚರಿಗೆ ಎಡಗಿವಿ ಮಂದ. ಯಾರಾದರೂ ಎದುರು ಮಾತಾಡಿದರೆ ಬಲಗಿವಿಯ ಹಿಂದೆ ಅಂಗೈ ಹಿಡಿದು, ಮೂಗಿನ ತುದಿಗೆ ಜಾರಿದ ಕನ್ನಡಕದ ಮೇಲಿಂದ ನೋಡುತ್ತಾ ಮುಂದೆ ಬಾಗುತ್ತಿದ್ದರು. ಆ ಭಂಗಿಗೆ ಹೆದರಿದವರೇ ಕಾಪುವಿನಲ್ಲಿ ಇವತ್ತಿಗೂ ಹೇಳುವುದು, ಅವರಿಗೆ ಎದುರು ಮಾತು ಆಗುತ್ತಿರಲಿಲ್ಲ ಎಂದು. ನಾನು ಒಪ್ಪುವುದಿಲ್ಲ. ಆಗದವರು ಕಿವಿಗೆ ಕೈ ಯಾಕೆ ಹಿಡಿಯುತ್ತಾರೆ?

ಶಾಲೆಯ ಚರ್ಚಾ ತಂಡಕ್ಕೆ ಸೇರಲು ಅವರದೊಂದು ನಿಯಮವಿತ್ತು. ದೊಡ್ಡ ಪದ ಬಳಸುವ ಮೊದಲು ಅದನ್ನು ಎಲ್ಲಾದರೂ ಕಣ್ಣಾರೆ ಕಂಡಿರಬೇಕು, ಕಂಡದ್ದನ್ನು ವಾದಿಸಿ ಒಪ್ಪಿಸಬೇಕು. ನನಗೆ ಸಿಕ್ಕಿದ್ದು ಅಭಾವ, ಸಮೃದ್ಧಿ, ಪೂರ್ಣ. ತಂಡದಲ್ಲಿ ಉಳಿದದ್ದು ಒಂದೇ ಸ್ಥಾನ. ನನಗದು ಬೇಕೇ ಬೇಕಿತ್ತು.

ಎರ್ಮಾಳಿನಲ್ಲಿ ಮೀನು ಮಾರುವ ಅಮ್ಮನ ಖಾಲಿ ಬುಟ್ಟಿಯನ್ನು ಅಭಾವಕ್ಕೆ ಒಯ್ದೆ.

"ಬುಟ್ಟಿ ಉಂಟಲ್ಲ ಮಾರಾಯ್ತಿ, ಅಭಾವ ಎಲ್ಲುಂಟು?"

"ಬುಟ್ಟಿಯನ್ನು ಬೇಯಿಸಿ ತಿನ್ನಲಿಕ್ಕೆ ಆಗ್ತದಾ ಟೀಚರ್?"

ನಕ್ಕು ಒಪ್ಪಿದರು. ಸಮೃದ್ಧಿಗೆ, ಬಲೆ ತುಂಬ ಬೂತಾಯಿ ಬಿದ್ದ ದಿನ ಅಮ್ಮ ದಾರಿಯಲ್ಲಿ ಸಿಕ್ಕವರಿಗೆಲ್ಲ ಮೀನು ಸುಮ್ಮನೆ ಕೊಟ್ಟದ್ದನ್ನು ವರ್ಣಿಸತೊಡಗಿದೆ. "ಸಾಕು, ನಿನ್ನ ಚೀಲದಿಂದಲೇ ವಾಸನೆ ಬರ್ತಾ ಉಂಟು" ಎಂದರು.

ಪೂರ್ಣ ಮಾತ್ರ ಎಲ್ಲೂ ಸಿಗಲಿಲ್ಲ. "ಮೊಂತಿ ಹಬ್ಬಕ್ಕೆ ಮನೆಗೆ ಬಾ, ತೋರಿಸ್ತೇನೆ" ಎಂದರು. ಇಗರ್ಜಿಯಲ್ಲಿ ಪಾದ್ರಿಗಳು ಹರಸಿ ಕೊಟ್ಟ ಹೊಸ ಭತ್ತದ ತೆನೆಯ ಕಾಳು ಸುಲಿದು, ಅರೆದು, ತೆಂಗಿನ ಹಾಲಿಗೆ ಬೆರೆಸಿ ಊಟಕ್ಕೆ ಮೊದಲು ಮನೆಯವರೆಲ್ಲ ಹಂಚಿಕೊಳ್ಳುವ ಹಬ್ಬವದು. ಅರೆಯುವ ಮೊದಲೇ ಟೀಚರ್ ಕುವೈತಿನಲ್ಲಿದ್ದ ತಮ್ಮನಿಗೆಂದು ನಾಲ್ಕು ಕಾಳು ಕಾಗದದಲ್ಲಿ ಮಡಚಿಟ್ಟರು, ಅಂಚೆಯಲ್ಲಿ ಕಳಿಸಲು.

"ದೂರ ಇರುವವನ ಪಾಲೂ ತೆಗೆದಿಟ್ಟಾಯ್ತು. ಈಗ ಮನೆ ಪೂರ್ಣ, ಅಲ್ವಾ?"

"ಅಲ್ಲ ಟೀಚರ್. ಒಬ್ಬರು ಇಲ್ಲ ಅಂತ ನೀವೇ ಪೊಟ್ಟಣ ಕಟ್ಟಿ ಸಾಕ್ಷಿ ಕೊಟ್ಟಿರಿ."

ಅವರ ವಯಸ್ಸಾದ ತಾಯಿ ಕೊಂಕಣಿಯಲ್ಲಿ ಏನೋ ಗೊಣಗಿದರು. ಸ್ಥಾನ ಹೋಯಿತು ಅಂದುಕೊಂಡೆ. ಟೀಚರ್ ಬಲಗಿವಿಗೆ ಅಂಗೈ ಹಿಡಿದು ಬಾಗಿದರು.

"ಇನ್ನೊಮ್ಮೆ ಹೇಳು."

ಹೇಳಿದೆ. ಅವರು ತಮ್ಮನ ಪೊಟ್ಟಣವನ್ನು ಕೈಗೆತ್ತಿಕೊಂಡರು.

"ಹೌದು, ಇಲ್ಲಿ ನಾನು ಸೋತೆ. ಅಮ್ಮ ಎಂತ ಹೇಳಿದ್ದು ಗೊತ್ತುಂಟಾ? ಇವಳ ಬಾಯಿಗೆ ಮೊದಲು ಊಟ ಹಾಕು ಅಂತ. ಕೂತ್ಕೊ. ತಂಡದಲ್ಲಿ ನೀನು ಉಂಟು."

ಸೋತೆ ಎಂದು ಅಷ್ಟು ಸಲೀಸಾಗಿ ಹೇಳಿದ ದೊಡ್ಡವರನ್ನು ನಾನು ಅಲ್ಲಿಯವರೆಗೆ ಕಂಡಿರಲಿಲ್ಲ. ಆಮೇಲೆ ಪ್ರತಿವರ್ಷ ಹಬ್ಬದ ಊಟ ಅಲ್ಲೇ, ವಾದವೂ ಅಲ್ಲೇ.

ಟೀಚರ್ ಈಗ ನಿವೃತ್ತರಾಗಿ ಕಾರ್ಕಳದ ತಂಗಿಯ ಮನೆಯಲ್ಲಿದ್ದಾರೆ. ನಾನು ಮಣಿಪಾಲದ ಹಾಸ್ಟೆಲಿನಲ್ಲಿ. ಈ ಸಲ ಪರೀಕ್ಷೆಯಿಂದಾಗಿ ಹಬ್ಬಕ್ಕೆ ಹೋಗಲಾಗಲಿಲ್ಲ. ಮರುವಾರ ಅಂಚೆಯಲ್ಲಿ ಒಂದು ಲಕೋಟೆ ಬಂತು. ಒಳಗೆ ಮಡಚಿದ ಕಾಗದ, ಕಾಗದದಲ್ಲಿ ನಾಲ್ಕು ಹೊಸ ಕಾಳು. ಮಣಿಪಾಲವೇನು ಕುವೈತಾ?

ಫೋನಿನಲ್ಲಿ ವಿಚಾರಿಸಿದರೆ "ಸರಿ ಕೇಳುವುದಿಲ್ಲ ಮಾರಾಯ್ತಿ" ಎನ್ನುತ್ತಾರೆ. ಬೇಕೆಂದೇ ಎಡಗಿವಿಗೆ ಹಿಡಿದಿರುತ್ತಾರೆ ಎಂಬುದು ನನ್ನ ವಾದ. ಹಾಗಾಗಿ ಇಲ್ಲಿ ಬರೆದೇ ಕೇಳುತ್ತೇನೆ: ಟೀಚರ್, ನನ್ನನ್ನು ನಿಮ್ಮ ಮನೆಯವರ ಲೆಕ್ಕಕ್ಕೆ ಹಿಡಿದದ್ದು ನೀವು ಸೋತ ಆ ದಿನವೇನಾ?